ಹಳೆಯ ಪಿಕಪ್ ವಾಹನದ ಬ್ರೇಕು ದುರ್ಬಲವಾದಾಗ: ದೋಷವನ್ನು ಗುರುತಿಸುವ ಕ್ರಮ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಹಿಂದೆ ಚಕ್ಕಡಿ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಪಿಕಪ್ ವಾಹನ ಮಾಡುತ್ತಿದೆ. ಬೀಜ, ಗೊಬ್ಬರ ಊರಿಗೆ ಬರುವುದೂ ಅದರಲ್ಲಿಯೇ, ಹತ್ತಿ, ಕಡಲೆ, ಸೋಯಾ ಅವರೆ, ಗೋವಿನಜೋಳ ಪೇಟೆಗೆ ಹೋಗುವುದೂ ಅದರಲ್ಲಿಯೇ. ಹೊಸ ವಾಹನ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹತ್ತು ಹದಿನೈದು ವರ್ಷ ದುಡಿದ ಟಾಟಾ 207, ಬೊಲೆರೊ ಪಿಕಪ್, ಮ್ಯಾಕ್ಸಿ ಟ್ರಕ್, ಟಾಟಾ ಏಸ್ ಮುಂತಾದವನ್ನು ಎರಡನೆಯ ಅಥವಾ ಮೂರನೆಯ ಕೈಯಿಂದ ಕೊಂಡು ನಡೆಸುವವರು ಬಹಳ ಮಂದಿ ಇದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳೆಯ ವಾಹನದ ಬ್ರೇಕನ್ನು ಮಾತ್ರ ಹಳೆಯದೆಂದು ಬಿಟ್ಟುಬಿಡಲು ಬರುವುದಿಲ್ಲ.

ಬೆಳೆಯ ವಿಷಯ ಬರೆಯಬೇಕಾದವನು ಬ್ರೇಕಿನ ವಿಷಯವನ್ನು ಏಕೆ ಎತ್ತಿಕೊಂಡನೆಂದು ತಾವು ಕೇಳಬಹುದು. ಅದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಹಿಂಗಾರಿ ಹಂಗಾಮಿನಲ್ಲಿ ಚಚಡಿಯ ಎರೆ ಹೊಲವೊಂದರಲ್ಲಿ ಕಡಲೆಯ ಪ್ರಾತ್ಯಕ್ಷಿಕೆ ನಡೆಸಿದ್ದೆವು. ರಾಶಿ ಮುಗಿದ ದಿನ ಹೊಲದ ಯಜಮಾನರ ಹಳೆಯ ಪಿಕಪ್‌ನಲ್ಲಿಯೇ ಬೈಲಹೊಂಗಲದ ಕಡೆ ಹೊರಟೆ. ಹಿಂದೆ ಕಡಲೆಯ ಚೀಲಗಳಿದ್ದವು. ಹಳ್ಳದ ಸೇತುವೆಯತ್ತ ರಸ್ತೆ ಇಳಿಯುವಲ್ಲಿ ಕುರಿಯ ಹಿಂಡೊಂದು ಅಡ್ಡ ಬಂದಿತು. ಯಜಮಾನರು ಬ್ರೇಕು ತುಳಿದರು. ಪೆಡಲು ತಳಕ್ಕೆ ಹೋಯಿತು. ಮತ್ತೆ ತುಳಿದರು, ಮತ್ತೊಮ್ಮೆ ತುಳಿದರು. ಆಗ ವಾಹನ ನಿಂತಿತು. ಹಿಂಡಿನ ಹಿಂದೆ ಬರುತ್ತಿದ್ದ ಕುರಿ ಕಾಯುವ ಹುಡುಗನಿಗೂ ನಮಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ನನ್ನ ಎದೆ ಬಡಿದುಕೊಳ್ಳುತ್ತಿದ್ದರೆ ಯಜಮಾನರು ಸಮಾಧಾನದಿಂದ ಹೇಳಿದರು: “ಹಿಂಗ ಆಗತೈತ್ರಿ ಸರ. ಎರಡ ಸಲ ತುಳದ್ರ ಹಿಡೀತೈತಿ.”

ಆ ಬ್ರೇಕಿಗೆ ಅವರು ಖರ್ಚು ಮಾಡಿರಲಿಲ್ಲವೆಂದಲ್ಲ. ಒಂದೇ ವರ್ಷದಲ್ಲಿ ಎರಡು ಸಲ ಮಾಸ್ಟರ್ ಸಿಲಿಂಡರ್ ಬದಲಿಸಿದ್ದರು. ಬ್ರೇಕ್ ಆಯಿಲ್ ಹಲವು ಸಲ ತುಂಬಿಸಿದ್ದರು. ಮರುದಿನ ಹಿಂದಿನ ಚಕ್ರಗಳ ಡ್ರಮ್ ಬಿಚ್ಚಿಸಿ ನೋಡಿದಾಗ ನಿಜವಾದ ದೋಷ ಕಂಡಿತು. ಒಳಗೆ ಸೇರಿದ ಎರೆ ರಾಡಿ ಒಣಗಿ ಕಲ್ಲಿನಂತಾಗಿ, ಶೂಗಳನ್ನು ಹೊಂದಿಸುವ ಹಲ್ಲಿನ ಚಕ್ರವನ್ನು ಅಲುಗಾಡದಂತೆ ಹಿಡಿದುಬಿಟ್ಟಿತ್ತು. ಅದನ್ನು ಸ್ವಚ್ಛಗೊಳಿಸಿ, ಶೂಗಳನ್ನು ಹೊಂದಿಸಿದ ಮೇಲೆ ಮೊದಲ ತುಳಿತಕ್ಕೇ ಬ್ರೇಕು ಹಿಡಿಯಿತು. ಎರಡು ಮಾಸ್ಟರ್ ಸಿಲಿಂಡರುಗಳ ಹಣ ವ್ಯರ್ಥವಾಗಿತ್ತು.

ಕಡಲೆಯ ಗಿಡ ಹಳದಿಯಾಗಿ ಬಾಡಿದಾಗ ಕಾರಣ ನೋಡದೆ ಯೂರಿಯಾ ಚೆಲ್ಲಿದರೆ ಏನಾಗುತ್ತದೆಂಬುದು ತಮಗೆ ಗೊತ್ತಿದೆ. ಅದು ನೆಟೆ ರೋಗವಾಗಿದ್ದರೆ ಗೊಬ್ಬರದಿಂದ ಗುಣವಾಗದು. ಗಿಡ ಕಿತ್ತು, ಕಾಂಡ ಸೀಳಿ, ಒಳಗೆ ಕಂದು ಗೆರೆ ಇದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಬ್ರೇಕಿನ ವಿಷಯವೂ ಹೀಗೆಯೇ. “ಬ್ರೇಕು ವೀಕಾಗಿದೆ” ಎಂಬುದು ರೋಗದ ಹೆಸರಲ್ಲ, ಅದು ಬಾಡಿದ ಎಲೆ ಮಾತ್ರ. ರೋಗ ಯಾವುದೆಂಬುದನ್ನು ಬಹುಮಟ್ಟಿಗೆ ಪೆಡಲೇ ತಿಳಿಸುತ್ತದೆ. ಅದನ್ನು ಓದುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬ್ರೇಕು ಕೆಲಸ ಮಾಡುವ ರೀತಿ

ಕಾಲಿನ ಒತ್ತಡ ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ. ಅಲ್ಲಿ ರಬ್ಬರ್ ಕಪ್ ಇರುವ ಪಿಸ್ಟನ್ನು ಬ್ರೇಕ್ ಆಯಿಲನ್ನು ದೂಡುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಬಾರದ್ದರಿಂದ ಆ ಒತ್ತಡ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ಹೆಚ್ಚಿನ ಪಿಕಪ್‌ಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನ ಚಕ್ರಗಳಿಗೆ ಡ್ರಮ್ ಇರುತ್ತದೆ. ಮುಂದೆ ಪ್ಯಾಡುಗಳು ಡಿಸ್ಕನ್ನು ಎರಡೂ ಕಡೆಯಿಂದ ಅವಚಿ ಹಿಡಿಯುತ್ತವೆ. ಹಿಂದೆ ಶೂಗಳು ಹಿಗ್ಗಿ ಡ್ರಮ್ಮಿನ ಒಳಮೈಗೆ ಉಜ್ಜುತ್ತವೆ.

ಭಾರದ ವಾಹನಕ್ಕೆ ಕಾಲಿನ ಬಲವೊಂದೇ ಸಾಲದು. ಅದಕ್ಕಾಗಿ ಪೆಡಲು ಮತ್ತು ಮಾಸ್ಟರ್ ಸಿಲಿಂಡರಿನ ನಡುವೆ ಬೂಸ್ಟರ್ ಎಂಬ ದೊಡ್ಡ ತಗಡಿನ ಡಬ್ಬಿ ಇರುತ್ತದೆ. ಅದು ನಿರ್ವಾತದ, ಅಂದರೆ ಗಾಳಿ ಹೀರಿ ತೆಗೆದ ಜಾಗದ, ಬಲದಿಂದ ನಮ್ಮ ಕಾಲಿಗೆ ನೆರವಾಗುತ್ತದೆ. ಡೀಸೆಲ್ ವಾಹನಗಳಲ್ಲಿ ಈ ಗಾಳಿಯನ್ನು ಹೀರಲು ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಎಷ್ಟೋ ವಾಹನಗಳಲ್ಲಿ ಅದು ಆಲ್ಟರ್ನೇಟರಿನ, ನಮ್ಮ ಕಡೆ ಡೈನಮೋ ಎನ್ನುತ್ತಾರಲ್ಲ, ಅದರ ಬೆನ್ನಿಗೇ ಜೋಡಿಸಿರುತ್ತದೆ. ಆದುದರಿಂದ ಎಂಜಿನ್ ನಿಂತರೆ ಬೂಸ್ಟರಿನ ನೆರವೂ ನಿಲ್ಲುತ್ತದೆ. ಉಳಿದ ನಿರ್ವಾತ ಎರಡು ಮೂರು ತುಳಿತಕ್ಕೆ ಮುಗಿದುಹೋಗುತ್ತದೆ.

ಬ್ರೇಕು ವಾಹನದ ಓಟವನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಇಳಿಜಾರಿನ ವಿಷಯ ಬಂದಾಗ ಇದು ಬೇಕಾಗುತ್ತದೆ.

ಒಂದು ಸಣ್ಣ ಲೆಕ್ಕ

ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಕಾಲು ಪೆಡಲಿಗೆ ಬರಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೆ ಗಂಟೆಗೆ 18 ಕಿ.ಮೀ.ನಷ್ಟು ವೇಗವನ್ನು ಇಳಿಸುತ್ತದೆಂದೂ, ದುರ್ಬಲ ಬ್ರೇಕು ಅದರ ಅರ್ಧದಷ್ಟು ಮಾತ್ರ ಇಳಿಸುತ್ತದೆಂದೂ ತಿಳಿಯೋಣ. ಆಗ ವಾಹನ ನಿಲ್ಲಲು ಬೇಕಾಗುವ ಒಟ್ಟು ದೂರ ಹೀಗಿರುತ್ತದೆ:

ಗಂಟೆಗೆ 40 ಕಿ.ಮೀ. ವೇಗದಲ್ಲಿ: ಒಳ್ಳೆಯ ಬ್ರೇಕಿಗೆ ಸುಮಾರು 23 ಮೀಟರು, ದುರ್ಬಲ ಬ್ರೇಕಿಗೆ ಸುಮಾರು 36 ಮೀಟರು.
ಗಂಟೆಗೆ 60 ಕಿ.ಮೀ. ವೇಗದಲ್ಲಿ: ಒಳ್ಳೆಯ ಬ್ರೇಕಿಗೆ ಸುಮಾರು 44 ಮೀಟರು, ದುರ್ಬಲ ಬ್ರೇಕಿಗೆ ಸುಮಾರು 72 ಮೀಟರು.

ವೇಗ 40ರಿಂದ 60ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಇನ್ನು “ಎರಡು ಸಲ ತುಳಿಯುವ” ಬ್ರೇಕಿನ ಲೆಕ್ಕ ನೋಡಿರಿ. ಎರಡನೆಯ ತುಳಿತಕ್ಕೆ ಇನ್ನೊಂದು ಸೆಕೆಂಡು ಹೋದರೆ, 40ರ ವೇಗದಲ್ಲಿ ವಾಹನ ಅಷ್ಟರಲ್ಲಿ ಮತ್ತೆ 11 ಮೀಟರು ಮುಂದೆ ಹೋಗಿರುತ್ತದೆ. ಹೆಚ್ಚು ಕಡಿಮೆ ನೊಗ ಹೂಡಿದ ಎರಡು ಚಕ್ಕಡಿ ಸಾಲಾಗಿ ನಿಲ್ಲುವಷ್ಟು ದೂರ ಅದು.

ಪರೀಕ್ಷೆಗೆ ಮೊದಲು

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಮಾಲು ಇಳಿಸಿ ನಿಲ್ಲಿಸಬೇಕು. ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಬೇಕು. ಜಾಕ್ ಏರಿಸಿದ ವಾಹನದ ಕೆಳಗೆ ಕೇವಲ ಜಾಕನ್ನು ನಂಬಿ ಹೋಗಕೂಡದು. ಗಟ್ಟಿಯಾದ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿಯ ಆಸರೆ ಇರಲೇಬೇಕು. ಎಂಜಿನ್ ನಡೆಯುತ್ತಿರುವಾಗ ಬೆಲ್ಟಿನ ಹತ್ತಿರ ಕೈ ಹಾಕುವವರು ಟವೆಲ್ಲು, ಧೋತರದ ಚುಂಗು ಜೋಲಾಡದಂತೆ ನೋಡಿಕೊಳ್ಳಬೇಕು.

ಮೊದಲು ಕಣ್ಣಿನಿಂದ ನೋಡತಕ್ಕದ್ದು ಇಷ್ಟು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಎಷ್ಟಿದೆ? ನಾಲ್ಕೂ ಚಕ್ರಗಳ ಒಳಬದಿಯಲ್ಲಿ ತೇವ ಇದೆಯೇ? ಚಕ್ರದ ಹತ್ತಿರದ ರಬ್ಬರ್ ಹೋಸುಗಳು ಬಿರಿದಿವೆಯೇ? ಕಬ್ಬಿಣದ ಕೊಳವೆಗಳಿಗೆ ತುಕ್ಕು ಹಿಡಿದಿದೆಯೇ? ಮಾಸ್ಟರ್ ಸಿಲಿಂಡರು ಬೂಸ್ಟರಿಗೆ ಸೇರುವ ಜಾಗ ಒದ್ದೆಯಾಗಿದೆಯೇ?

ಮಟ್ಟ ಇಳಿದದ್ದು ಕಂಡ ಕೂಡಲೆ ಆಯಿಲ್ ತುಂಬಿ ಸುಮ್ಮನಾಗುವುದು ದೊಡ್ಡ ತಪ್ಪು. ಬ್ರೇಕ್ ಆಯಿಲ್ ಡೀಸೆಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮಟ್ಟ ಇಳಿದಿದೆಯೆಂದರೆ ಒಂದೋ ಪ್ಯಾಡುಗಳು ಸವೆದು ಆ ಜಾಗಕ್ಕೆ ಆಯಿಲ್ ಹೋಗಿದೆ, ಇಲ್ಲವೇ ಎಲ್ಲಿಯೋ ಸೋರುತ್ತಿದೆ. ಎರಡನ್ನೂ ನೋಡದೆ ತುಂಬಿಸಿದರೆ ರೋಗ ಮುಚ್ಚಿಹೋಗುತ್ತದೆ.

ಪೆಡಲು ಹೇಳುವ ಲಕ್ಷಣಗಳು

1. ಮೊದಲ ತುಳಿತಕ್ಕೆ ಆಳಕ್ಕೆ ಹೋಗಿ, ಎರಡನೆಯದಕ್ಕೆ ಮೇಲೆ ಬರುವುದು

ಇದು ಚಚಡಿಯ ವಾಹನದ ರೋಗ. ಹಿಂದಿನ ಶೂಗಳು ಡ್ರಮ್ಮಿನಿಂದ ದೂರ ಉಳಿದಿವೆಯೆಂಬುದು ಇದರ ಸಾಮಾನ್ಯ ಅರ್ಥ. ಮೊದಲ ತುಳಿತದ ಆಯಿಲೆಲ್ಲ ಆ ಅಂತರವನ್ನು ತುಂಬಲು ಖರ್ಚಾಗುತ್ತದೆ, ಎರಡನೆಯ ತುಳಿತಕ್ಕೆ ಹಿಡಿತ ಬರುತ್ತದೆ. ಮುಂದಿನ ಡಿಸ್ಕ್ ಪ್ಯಾಡುಗಳು ಸವೆದಂತೆ ತಾವೇ ಹತ್ತಿರ ಬರುತ್ತವೆ. ಡ್ರಮ್ಮಿನ ಶೂಗಳಿಗೆ ಹೊಂದಿಸುವ ಸಾಧನ ಸರಿಯಾಗಿ ತಿರುಗಿದರೆ ಮಾತ್ರ ಅದು ಸಾಧ್ಯ. ಹ್ಯಾಂಡ್ ಬ್ರೇಕಿನ ಹಿಡಿಕೆ ಮೊದಲಿಗಿಂತ ಬಹಳ ಮೇಲಕ್ಕೆ ಬರುತ್ತಿದ್ದರೆ ಈ ರೋಗಕ್ಕೆ ಅದು ಎರಡನೆಯ ಸಾಕ್ಷಿ.

ಪರಿಹಾರ: ಹಿಂದಿನ ಡ್ರಮ್ಮುಗಳನ್ನು ಬಿಚ್ಚಿಸಿ ಮಣ್ಣು ತೆಗೆಯಬೇಕು. ಲೈನರಿನ ದಪ್ಪ, ಸ್ಪ್ರಿಂಗುಗಳ ಬಿಗುವು ನೋಡಬೇಕು. ಹೊಂದಿಸುವ ಚಕ್ರ ಸಲೀಸಾಗಿ ತಿರುಗುವಂತೆ ಮಾಡಬೇಕು. ಮತ್ತೆ ಜೋಡಿಸಿದ ಮೇಲೆ, ಚಕ್ರ ಕೈಯಿಂದ ತಿರುಗಿಸಿದಾಗ ಶೂ ಸ್ವಲ್ಪ ಉಜ್ಜುವವರೆಗೆ ಬಿಗಿಮಾಡಿ, ಅನಂತರ ಉಜ್ಜುವುದು ನಿಲ್ಲುವಷ್ಟು ಸಡಿಲಿಸಬೇಕು. ಶೂ ಹೊಂದಿಸದೆ ಹ್ಯಾಂಡ್ ಬ್ರೇಕಿನ ಕೇಬಲನ್ನು ಎಳೆದು ಬಿಗಿಮಾಡುವ ರೂಢಿ ಕೆಲವೆಡೆ ಇದೆ. ಇದು ಕೂಡದು. ಇದರಿಂದ ದೋಷ ಮರೆಯಾಗುವುದಲ್ಲದೆ ಶೂಗಳು ತಾವಾಗಿ ಹೊಂದಿಕೊಳ್ಳುವುದೂ ನಿಲ್ಲುತ್ತದೆ. ಮುಂದಿನ ಚಕ್ರದ ಬೇರಿಂಗು ಸಡಿಲವಿದ್ದರೂ ಡಿಸ್ಕು ಅಲುಗಾಡಿ ಪ್ಯಾಡುಗಳನ್ನು ಹಿಂದೆ ದೂಡುತ್ತದೆ. ಆಗಲೂ ಇದೇ ಲಕ್ಷಣ ಕಾಣುತ್ತದೆ.

2. ಪೆಡಲು ಹತ್ತಿಯ ಗಾದಿಯಂತೆ ಮೆತ್ತಗಿರುವುದು

ಆಯಿಲಿನಲ್ಲಿ ಗಾಳಿ ಸೇರಿದೆಯೆಂದು ತಿಳಿಯಬೇಕು. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಳೆಯ ರಬ್ಬರ್ ಹೋಸು ಒತ್ತಡಕ್ಕೆ ಉಬ್ಬುತ್ತಿದ್ದರೂ ಇದೇ ಅನುಭವವಾಗುತ್ತದೆ. ಒಬ್ಬರು ಪೆಡಲು ತುಳಿದು ಹಿಡಿದಾಗ ಇನ್ನೊಬ್ಬರು ಹೋಸನ್ನು ನೋಡಿದರೆ ಉಬ್ಬು ಕಣ್ಣಿಗೆ ಕಾಣುತ್ತದೆ.

ಗಾಳಿಯನ್ನು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ತೆಗೆಯುವುದು ಸಾಮಾನ್ಯ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ವಾಹನದ ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ನಿಪ್ಪಲಿಗೆ ಪಾರದರ್ಶಕ ನಳಿಕೆ ಹಾಕಿ, ಅದರ ತುದಿಯನ್ನು ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಬೇಕು. ಗುಳ್ಳೆ ಬರುವುದು ನಿಲ್ಲುವವರೆಗೆ ಮುಂದುವರಿಸಬೇಕು. ನಡುವೆ ಮೇಲಿನ ಡಬ್ಬಿ ಬರಿದಾಗಕೂಡದು. ಹಳೆಯ ವಾಹನದಲ್ಲಿ ಈ ಕೆಲಸ ಮಾಡುವಾಗ ಪೆಡಲಿನ ಕೆಳಗೆ ಒಂದು ಕಟ್ಟಿಗೆಯ ತುಂಡನ್ನಿಟ್ಟು, ಅದು ಪೂರ್ತಿ ತಳಕ್ಕೆ ಹೋಗದಂತೆ ನೋಡಿಕೊಳ್ಳುವುದು ಲೇಸು. ದಿನವೂ ಪಿಸ್ಟನ್ ಓಡಾಡದ ಜಾಗದಲ್ಲಿ ತುಕ್ಕು ಇರುತ್ತದೆ. ಅಲ್ಲಿಗೆ ರಬ್ಬರ್ ಕಪ್ ಹೋದರೆ ಹರಿಯುತ್ತದೆ. ಹೊರಗೆ ಬಂದ ಆಯಿಲನ್ನು ಮತ್ತೆ ಡಬ್ಬಿಗೆ ಸುರಿಯಬಾರದು.

3. ತುಳಿದು ಹಿಡಿದಾಗ ಮೆಲ್ಲನೆ ಕೆಳಗಿಳಿಯುವುದು

ಎಂಜಿನ್ ನಡೆಯುತ್ತಿರುವಾಗ ಪೆಡಲನ್ನು ಒಂದೇ ಸಮನೆ ಒಂದು ನಿಮಿಷ ತುಳಿದು ಹಿಡಿಯಿರಿ. ಅದು ನಿಂತಲ್ಲಿ ನಿಲ್ಲಬೇಕು. ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಒತ್ತಡ ಎಲ್ಲಿಯೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಎಲ್ಲಿಯಾದರೂ ಸೋರಿದ್ದು ಕಂಡರೆ ಅದೇ ದೋಷ. ಹಿಂದಿನ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಎತ್ತಿ ನೋಡುವುದನ್ನು ಮರೆಯಬಾರದು. ಹೊರಗೆ ಎಲ್ಲಿಯೂ ಸೋರದೆ ಪೆಡಲು ಇಳಿದರೆ ಮಾತ್ರ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್ಪುಗಳು ಕೆಟ್ಟಿವೆಯೆಂದು ನಿರ್ಧರಿಸಬಹುದು. ಈ ಪರೀಕ್ಷೆಗೆ ಒಂದು ನಿಮಿಷ ಸಾಕು. ಇದನ್ನು ಮಾಡದೆ ಮಾಸ್ಟರ್ ಸಿಲಿಂಡರ್ ಬದಲಿಸಲು ಒಪ್ಪಬೇಡಿರಿ. ಇಳಿಯುವ ಪೆಡಲಿನ ವಾಹನವನ್ನು ದುರಸ್ತಿಯಾಗುವವರೆಗೆ ರಸ್ತೆಗೆ ತರಲೇಬಾರದು.

4. ಪೆಡಲು ಕಲ್ಲಿನಂತೆ ಗಟ್ಟಿಯಾಗಿ, ವಾಹನ ನಿಲ್ಲದಿರುವುದು

ಇದು ಬೂಸ್ಟರಿನ ಕಡೆಯ ದೋಷ. ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಸಲ ತುಳಿಯಿರಿ. ಅದು ಗಟ್ಟಿಯಾಗುತ್ತದೆ. ಕೊನೆಯ ತುಳಿತವನ್ನು ಹಾಗೆಯೇ ಹಿಡಿದು ಎಂಜಿನ್ ಚಾಲೂ ಮಾಡಿರಿ. ಪೆಡಲು ಕಾಲಿನ ಕೆಳಗೆ ತುಸು ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ನಿರ್ವಾತ ಬರುತ್ತಿಲ್ಲ ಅಥವಾ ಬೂಸ್ಟರ್ ಕೆಟ್ಟಿದೆ. ಎರಡನೆಯ ಪರೀಕ್ಷೆಗಾಗಿ ಎಂಜಿನನ್ನು ಒಂದೆರಡು ನಿಮಿಷ ನಡೆಸಿ ನಿಲ್ಲಿಸಿ, ಪೆಡಲು ತುಳಿಯಿರಿ. ಮೊದಲ ತುಳಿತ ಆಳವಾಗಿ, ಮುಂದಿನವು ಒಂದಕ್ಕಿಂತ ಒಂದು ಮೇಲಾಗಿ ನಿಲ್ಲಬೇಕು. ಮೊದಲ ತುಳಿತವೇ ಗಟ್ಟಿಯಾಗಿದ್ದರೆ ಹೋಸಿನಲ್ಲಿ, ಗಾಳಿ ತಡೆಯುವ ಕವಾಟದಲ್ಲಿ ಅಥವಾ ಬೂಸ್ಟರಿನಲ್ಲಿ ಸೋರಿಕೆ ಇದೆ.

ಬೂಸ್ಟರ್ ಬೆಲೆ ಬಾಳುವ ವಸ್ತು. ಅದನ್ನು ದೂರುವ ಮೊದಲು ಅದಕ್ಕೆ ಬರುವ ರಬ್ಬರ್ ಹೋಸನ್ನು ನೋಡಬೇಕು. ಬಿರುಕು, ಸಡಿಲವಾದ ಕ್ಲಿಪ್ಪು, ಒಳಗೊಳಗೇ ಕುಸಿದ ಹೋಸು, ಇವು ಅಗ್ಗದ ದೋಷಗಳು. ಎಂಜಿನ್ ನಿಧಾನವಾಗಿ ನಡೆಯುತ್ತಿರುವಾಗ ಬೂಸ್ಟರಿನ ಕಡೆಯ ಹೋಸಿನ ತುದಿಯನ್ನು ಕಳಚಿ ಬೆರಳಿನಿಂದ ಮುಚ್ಚಿದರೆ ಬಲವಾಗಿ ಹೀರಬೇಕು. ಹೀರದಿದ್ದರೆ ಪಂಪಿನ ದೋಷ. ಹೋಸಿನೊಳಗೆ ಎಂಜಿನ್ ಆಯಿಲ್ ಕಂಡರೆ ಪಂಪಿನ ಕಡೆಯಿಂದ ಎಣ್ಣೆ ಬರುತ್ತಿದೆಯೆಂದು ತಿಳಿದು ಕೂಡಲೆ ಸರಿಪಡಿಸಬೇಕು. ಆ ಎಣ್ಣೆ ಬೂಸ್ಟರಿನ ಒಳಗಿನ ರಬ್ಬರ್ ಹಾಳೆಯನ್ನು ಕೆಡಿಸುತ್ತದೆ.

ಡೈನಮೋದ ಬೆನ್ನಿಗೆ ಪಂಪು ಇರುವ ವಾಹನದಲ್ಲಿ ಬೆಲ್ಟು ಹರಿದರೆ ಬ್ಯಾಟರಿಗೆ ವಿದ್ಯುತ್ತೂ ನಿಲ್ಲುತ್ತದೆ, ಬ್ರೇಕಿನ ನೆರವೂ ನಿಲ್ಲುತ್ತದೆ. ಓಡುವಾಗ ಬ್ಯಾಟರಿಯ ಕೆಂಪು ದೀಪ ಹೊತ್ತಿದರೆ, ಅದು ಬ್ರೇಕಿನ ಎಚ್ಚರಿಕೆಯೂ ಹೌದೆಂದು ತಿಳಿದು ನಿಧಾನವಾಗಿ ಬದಿಗೆ ನಿಲ್ಲಿಸತಕ್ಕದ್ದು.

5. ಪೆಡಲು ಸರಿಯಾಗಿದ್ದರೂ ವಾಹನ ಜಾರಿಕೊಂಡು ಹೋಗುವುದು

ಇಲ್ಲಿ ಒತ್ತಡ ಚಕ್ರದವರೆಗೆ ಬರುತ್ತಿದೆ, ಉಜ್ಜುವ ಮೈ ಮಾತ್ರ ಹಿಡಿಯುತ್ತಿಲ್ಲ. ಲೈನರು ಅತಿಯಾಗಿ ಕಾದು ಗಾಜಿನಂತೆ ನುಣುಪಾಗಿರಬಹುದು. ಹಿಂದಿನ ಆ್ಯಕ್ಸಲಿನ ಆಯಿಲ್ ಸೀಲ್ ಹೋಗಿ ಗೇರ್ ಎಣ್ಣೆ ಡ್ರಮ್ಮಿಗೆ ಇಳಿದಿರಬಹುದು. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಿಂದ ತೊಳೆದು, ಸುಟ್ಟು ಮತ್ತೆ ಹಾಕುವುದು ಸರಿಯಲ್ಲ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಮೊದಲು ಸೀಲ್ ಬದಲಿಸಿ, ಅನಂತರ ಎಡ ಬಲ ಎರಡೂ ಚಕ್ರಗಳ ಲೈನರನ್ನು ಒಟ್ಟಿಗೆ ಬದಲಿಸಬೇಕು. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಕಂಪ್ರೆಸರ್ ಗಾಳಿಯಿಂದಾಗಲಿ ಊದಬೇಡಿರಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಬೇಕು.

6. ವಾಹನ ಒಂದು ಕಡೆಗೆ ಎಳೆಯುವುದು

ಮೊದಲು ಟೈರುಗಳ ಗಾಳಿಯನ್ನು ಸಮಮಾಡಿ ನೋಡಿರಿ. ಎಳೆತ ಉಳಿದರೆ ಒಂದು ಕಡೆಯ ಚಕ್ರ ಕಡಿಮೆ ಕೆಲಸ ಮಾಡುತ್ತಿದೆ ಅಥವಾ ಹಿಡಿದುಕೊಂಡು ಬಿಡುತ್ತಿಲ್ಲ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಕೈ ಒಯ್ದು ಕಾವು ನೋಡಬೇಕು. ಮುಟ್ಟಬಾರದು, ಸುಡುತ್ತದೆ. ಜೊತೆಯ ಚಕ್ರಕ್ಕಿಂತ ಬಹಳ ಕಾದಿರುವುದು ಬಿಡದೆ ಹಿಡಿದಿರುವ ಚಕ್ರ. ತಣ್ಣಗಿರುವುದು ಕೆಲಸಗಳ್ಳ ಚಕ್ರ. ಕಾದ ಡ್ರಮ್ಮಿಗೆ ನೀರು ಸುರಿಯಕೂಡದು, ಬಿರಿಯುತ್ತದೆ.

ಎರೆ ಸೀಮೆಯ ಎರಡು ವಿಶೇಷ ಕಾರಣಗಳು

ಮಳೆಗಾಲದಲ್ಲಿ ಎರೆ ರಾಡಿ ಚಕ್ರಕ್ಕೆ ಮೆತ್ತಿ ಡ್ರಮ್ಮಿನ ಸಂದಿಗೆ ಹೋಗುತ್ತದೆ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಹಳ್ಳ ದಾಟಿದ ಮೇಲೆ ಲೈನರು ಒದ್ದೆಯಾಗಿ ಹಿಡಿತ ತಪ್ಪುತ್ತದೆ. ನೀರಿನಿಂದ ಮೇಲೆ ಬಂದ ಕೂಡಲೆ ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರವಾಗಿ ಕೆಲವು ಸಲ ಒತ್ತಿ ಒಣಗಿಸಿಕೊಳ್ಳಬೇಕು. ಮಳೆಗಾಲ ಮುಗಿದ ಮೇಲೆ, ಸುಗ್ಗಿಯ ಓಡಾಟ ಆರಂಭವಾಗುವ ಮೊದಲು, ಹಿಂದಿನ ಡ್ರಮ್ಮುಗಳನ್ನು ಒಮ್ಮೆ ಬಿಚ್ಚಿಸಿ ನೋಡುವುದನ್ನು ವರ್ಷದ ಪದ್ಧತಿಯಾಗಿ ಇಟ್ಟುಕೊಳ್ಳಿರಿ.

ಎರಡನೆಯದು, ಹೆಚ್ಚು ಚೀಲ ಹೇರಲೆಂದು ಹಿಂದೆ ಹೆಚ್ಚುವರಿ ಕಮಾನು ಪಟ್ಟಿ ಹಾಕಿಸುವುದು. ಹಲವು ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂಬುದನ್ನು ಭಾರಕ್ಕೆ ತಕ್ಕಂತೆ ನಿರ್ಧರಿಸುವ ಒಂದು ಕವಾಟ ಇರುತ್ತದೆ. ವಾಹನದ ಹಿಂಭಾಗ ಎಷ್ಟು ಕುಗ್ಗಿದೆಯೆಂಬುದೇ ಅದಕ್ಕೆ ಭಾರದ ಅಳತೆ. ಹೆಚ್ಚುವರಿ ಪಟ್ಟಿ ಹಾಕಿದರೆ ಭಾರ ಹೇರಿದರೂ ಹಿಂಭಾಗ ಕುಗ್ಗದು. ಕವಾಟ ವಾಹನ ಖಾಲಿ ಇದೆಯೆಂದು ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ತಗ್ಗಿಸುತ್ತದೆ. ಭಾರ ಹೆಚ್ಚಾಯಿತು, ಬ್ರೇಕು ಕಡಿಮೆಯಾಯಿತು! ಇಂಥ ವಾಹನ ಕೊಂಡವರು ಆ ಕವಾಟ ಮತ್ತು ಅದರ ಸರಳು ಸರಿಯಾಗಿ ಜೋಡಿಸಿದೆಯೇ ಎಂದು ತಿಳಿದವರಿಂದ ನೋಡಿಸಬೇಕು. ನೋಂದಣಿ ಪತ್ರದಲ್ಲಿ ಬರೆದ ತೂಕವನ್ನು ಮೀರಿ ಹೇರಬಾರದು.

ಬ್ರೇಕ್ ಆಯಿಲಿನ ಬಗ್ಗೆ

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮವಿದೆ. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕಾದ ಚಕ್ರದಲ್ಲಿ ಆಯಿಲ್ ಕುದ್ದರೆ ಆವಿಯ ಗುಳ್ಳೆಗಳಾಗಿ, ಪೆಡಲು ಇದ್ದಕ್ಕಿದ್ದಂತೆ ತಳಕ್ಕೆ ಹೋಗುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸುವುದು ಒಳ್ಳೆಯದು. ಬಹುದಿನ ಮುಚ್ಚಳ ತೆರೆದಿಟ್ಟ ಡಬ್ಬಿಯ ಆಯಿಲನ್ನು ಬಳಸಬಾರದು. ಸಿಗಲಿಲ್ಲವೆಂದು ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಸುರಿಯುವುದಾಗಲಿ, ಒಳಭಾಗಗಳನ್ನು ಡೀಸೆಲ್, ಸೀಮೆಎಣ್ಣೆಗಳಿಂದ ತೊಳೆಯುವುದಾಗಲಿ ಸರ್ವಥಾ ಕೂಡದು. ರಬ್ಬರ್ ಕಪ್ಪುಗಳು ಉಬ್ಬಿ ಇಡೀ ವ್ಯವಸ್ಥೆಯೇ ಕೆಡುತ್ತದೆ.

ಇಳಿಜಾರಿನಲ್ಲಿ ಎಚ್ಚರಿಕೆ

3 ಟನ್ ತೂಕದ ವಾಹನ 100 ಮೀಟರ್ ಎತ್ತರದಿಂದ ಇಳಿದು ಬರುವಾಗ, ಅದನ್ನು ಕೇವಲ ಬ್ರೇಕಿನಿಂದ ತಡೆದರೆ, ಸುಮಾರು 9 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಬಿಸಿ ಆ ನಾಲ್ಕು ಚಕ್ರಗಳಲ್ಲಿ ಹುಟ್ಟುತ್ತದೆ. ಕಾದ ಲೈನರಿನ ಹಿಡಿತ ಕುಗ್ಗುತ್ತದೆ, ಹಳೆಯ ಆಯಿಲ್ ಕುದಿಯುತ್ತದೆ. ಹಿಂದಿನ ಕಾಲದಲ್ಲಿ ಇಳಿಜಾರಿನಲ್ಲಿ ಎತ್ತುಗಳೇ ಹಿಂದಕ್ಕೆ ಒತ್ತುಕೊಟ್ಟು ಚಕ್ಕಡಿಯನ್ನು ತಡೆಯುತ್ತಿದ್ದವು. ವಾಹನದಲ್ಲಿ ಆ ಎತ್ತಿನ ಕೆಲಸವನ್ನು ಎಂಜಿನ್ ಮಾಡಬೇಕು. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಎತ್ತಿನ ಕೊರಳು ಬಿಚ್ಚಿದಂತೆ. ಎಂಜಿನನ್ನೇ ನಿಲ್ಲಿಸುವುದಂತೂ ಬೂಸ್ಟರಿನ ನೆರವನ್ನೂ ಕಳೆದುಕೊಂಡಂತೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಪಿಕಪ್‌ನ ಹಿಂದೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವವರು ಇದ್ದಾರೆ. 2023ರ ಜನವರಿಯಲ್ಲಿ ರಾಮದುರ್ಗ ತಾಲೂಕಿನ ಚುಂಚನೂರಿನ ಬಳಿ ಯಲ್ಲಮ್ಮನ ಭಕ್ತರಿದ್ದ ಸರಕು ವಾಹನವೊಂದು ಮರಕ್ಕೆ ಬಡಿದು ಆರು ಜನ ಸತ್ತರು. ಅದಕ್ಕೆ ಬ್ರೇಕೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಮಾಲು ಹೇರುವ ಜಾಗದಲ್ಲಿ ಕುಳಿತವರಿಗೆ ಆಸರೆ ಏನೂ ಇರುವುದಿಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು. ಸರಕು ವಾಹನದಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ. ದೇವರ ದರ್ಶನಕ್ಕೆ ಬಸ್ಸಿನಲ್ಲಿ ಹೋಗಿರಿ.

ಓಡುವಾಗ ಬ್ರೇಕು ಕೈಕೊಟ್ಟರೆ ಎಂಜಿನ್ ನಿಲ್ಲಿಸಬೇಡಿರಿ. ಪೆಡಲನ್ನು ಬೇಗ ಬೇಗ ತುಳಿಯಿರಿ. ಒಂದೊಂದೇ ಗೇರು ಇಳಿಸಿರಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದು ಮೆಲ್ಲಮೆಲ್ಲನೆ ಎಳೆಯಿರಿ. ಹಾರ್ನ್ ಹಾಕುತ್ತ, ಏರು ಇರುವ ಕಡೆಗೋ ಜನರಿಲ್ಲದ ಬಯಲು ಹೊಲದ ಕಡೆಗೋ ವಾಹನವನ್ನು ತಿರುಗಿಸಿರಿ.

ದಾಖಲೆ ಇಡಿರಿ

ನಾವು ಪ್ರಯೋಗದ ಹೊಲಕ್ಕೆ ಪುಸ್ತಕ ಇಡುವಂತೆ ವಾಹನಕ್ಕೂ ಒಂದು ವಹಿ ಇರಲಿ. ಬ್ರೇಕು ಚೆನ್ನಾಗಿ ದುರಸ್ತಿಯಾದ ದಿನ, ಜನ, ದನ, ಮಕ್ಕಳು ಯಾರೂ ಇಲ್ಲದ ಸಮತಟ್ಟಾದ ಒಣ ಬಯಲಿನಲ್ಲಿ, ಖಾಲಿ ವಾಹನವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ತಂದು, ನೆಲದ ಮೇಲಿನ ಗೆರೆಯ ಬಳಿ ಒಮ್ಮೆಲೆ ಬ್ರೇಕು ತುಳಿದು, ಎಷ್ಟು ಹೆಜ್ಜೆಗೆ ನಿಂತಿತೆಂದು ಬರೆದಿಡಿರಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅದೇ ರೀತಿ ಅಳೆಯಿರಿ. ಆಯಿಲ್ ಹಾಕಿದ ದಿನ, ಹಾಕಿದ ಪ್ರಮಾಣ, ಬದಲಿಸಿದ ಭಾಗಗಳನ್ನೂ ಬರೆಯಿರಿ. ಬ್ರೇಕು ಒಂದೇ ದಿನದಲ್ಲಿ ಕೆಡುವುದು ಅಪರೂಪ. ಅದು ದಿನಕ್ಕಿಷ್ಟು ಕುಗ್ಗುತ್ತದೆ, ನಮ್ಮ ಕಾಲು ದಿನಕ್ಕಿಷ್ಟು ಹೊಂದಿಕೊಳ್ಳುತ್ತದೆ. ಕಾಲು ಮರೆತದ್ದನ್ನು ವಹಿ ನೆನಪಿಸುತ್ತದೆ.

ನೋಡುವುದು, ತುಳಿದು ಪರೀಕ್ಷಿಸುವುದು, ಬರೆದಿಡುವುದು, ಇವು ತಾವೇ ಮಾಡತಕ್ಕ ಕೆಲಸಗಳು. ಸಿಲಿಂಡರ್, ಬೂಸ್ಟರ್, ಲೈನರುಗಳ ದುರಸ್ತಿಯನ್ನು ಅನುಭವವುಳ್ಳ ಮೆಕ್ಯಾನಿಕರಿಗೆ ಬಿಡಬೇಕು. ಆದರೆ ಅವರಲ್ಲಿಗೆ ಹೋದಾಗ “ಬ್ರೇಕು ವೀಕಾಗಿದೆ, ನೋಡ್ರಿ” ಎನ್ನುವುದಕ್ಕಿಂತ “ಪೆಡಲು ಮೊದಲ ಸಲ ಆಳಕ್ಕೆ ಹೋಗತೈತಿ, ಎರಡನೇದಕ್ಕ ಮ್ಯಾಲೆ ಬರತೈತಿ, ಹಿಡಿದರ ಇಳಿಯೂದಿಲ್ಲ” ಎಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ನೆನಪಿಡಬೇಕಾದ ಅಂಶಗಳು

ಎರಡನೆಯ ತುಳಿತಕ್ಕೆ ಮೇಲೆ ಬಂದರೆ: ಹಿಂದಿನ ಶೂಗಳ ಹೊಂದಾಣಿಕೆ ನೋಡಿರಿ.
ಮೆತ್ತಗಿದ್ದರೆ: ಗಾಳಿ, ಹಳೆಯ ಹೋಸು.
ಹಿಡಿದಾಗ ಇಳಿದರೆ: ಸೋರಿಕೆ, ಅದಿಲ್ಲದಿದ್ದರೆ ಮಾಸ್ಟರ್ ಸಿಲಿಂಡರು.
ಕಲ್ಲಿನಂತಿದ್ದರೆ: ಬೆಲ್ಟು, ಹೋಸು, ಪಂಪು, ಕೊನೆಗೆ ಬೂಸ್ಟರು.
ಪೆಡಲು ಸರಿಯಿದ್ದು ನಿಲ್ಲದಿದ್ದರೆ: ಲೈನರು, ಎಣ್ಣೆ, ನೀರು, ಅತಿ ಭಾರ.
ಒಂದು ಕಡೆ ಎಳೆದರೆ: ಟೈರಿನ ಗಾಳಿ, ಅನಂತರ ಚಕ್ರಗಳ ಕಾವು.

ಚಚಡಿಯ ಆ ಯಜಮಾನರನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ಕಂಡೆ. ವಾಹನದ ಬಾಗಿಲಿನ ಸಂದಿಯಲ್ಲಿ ಒಂದು ಸಣ್ಣ ವಹಿ ಇತ್ತು. “ಈಗ ಒಂದ ಸಲಕ್ಕ ಹಿಡೀತೈತ್ರಿ” ಎಂದರು. ಎರಡು ಸಲ ತುಳಿಯಬೇಕಾದ ಬ್ರೇಕನ್ನು ರೂಢಿ ಮಾಡಿಕೊಳ್ಳಬೇಡಿರಿ. ಆ ಎರಡನೆಯ ತುಳಿತಕ್ಕೆ ಎಲ್ಲ ಸಲವೂ ಒಂದು ಮಾರು ಜಾಗ ಉಳಿದಿರುವುದಿಲ್ಲ.